ಎರಡು ಮಾರು ಕಡಿಮೆ ಬಿದ್ದ ಮಾಲೆ

ಪೂಜ್ಯ ಶಾಂತಲಿಂಗವ್ವ ತಾಯಿಯವರು ತುಂಗಭದ್ರೆಯ ದಡದ ಕಲ್ಲೇಶ್ವರನ ಗುಡಿಯ ಪಕ್ಕದಲ್ಲಿ, ಹೆಂಚು ಹೊದಿಸಿದ ಒಂದೇ ಕೋಣೆಯಲ್ಲಿ ವಾಸವಾಗಿದ್ದರು. ಒಂದು ಚಾಪೆ, ಒಂದು ಕೊಡ, ಗೋಡೆಯ ಮೊಳೆಗೆ ತೂಗುಹಾಕಿದ ಜೋಳಿಗೆ. ಅವರ ಸಂಸಾರವೆಲ್ಲ ಅಷ್ಟೇ. ಬೆಳಗಿನ ಪೂಜೆ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. ಬಂದವರ ಕಷ್ಟವನ್ನು ಕೊನೆಯವರೆಗೂ ಕೇಳುತ್ತಿದ್ದರು. ಉತ್ತರ ಮಾತ್ರ ಒಂದೋ ಎರಡೋ ಮಾತು. ದೊಡ್ಡ ಉಪದೇಶ ಬೇಕೆಂದು ಬಂದವರು ಕೆಲವೊಮ್ಮೆ ಬರಿಗೈಲಿ ಹೋದಂತೆ ಹೋಗುತ್ತಿದ್ದರಂತೆ. ಕಷ್ಟ ಹೇಳಿಕೊಳ್ಳಲು ಬಂದವರು ಮಾತ್ರ ಹಾಗೆ ಹೋದದ್ದಿಲ್ಲ.

ಆ ಊರಿನಲ್ಲಿ ಮಲ್ಲಿಗೆ ಬೆಳೆಯುವ ಮನೆಗಳೇ ಹೆಚ್ಚು. ಕಟ್ಟಿದ ಹೂವನ್ನು ಅಲ್ಲಿ ಅಳೆಯುವುದು ಮಾರಿನಲ್ಲಿ. ತೋಳೆರಡನ್ನೂ ಅಗಲಕ್ಕೆ ಚಾಚಿದರೆ, ಈ ಕೈಯ ಬೆರಳತುದಿಯಿಂದ ಆ ಕೈಯ ಬೆರಳತುದಿಗೆ ಒಂದು ಮಾರು. ಅಂಥದೊಂದು ಮನೆಯ ಕೊಟ್ರಮ್ಮನವರ ಒಬ್ಬನೇ ಮಗ ಗುರುಬಸಪ್ಪನಿಗೆ ಒಮ್ಮೆ ವಿಷಮಜ್ವರ ಬಂದು, ಊರವರು ಅವನ ಆಸೆಯನ್ನೇ ಬಿಟ್ಟಿದ್ದರು. ತಾಯಿ ಸೆರಗೊಡ್ಡಿ ಹರಕೆ ಹೊತ್ತರು. ಮಗ ಎದ್ದು ಕೂತರೆ ಕಲ್ಲೇಶ್ವರನ ಸುತ್ತಿಗೆ ಮಲ್ಲಿಗೆ ಮಾಲೆ ಹಾಸುತ್ತೇನೆ; ಒಂದೇ ದಾರ, ನಡುವೆ ತುಂಡಿಲ್ಲ, ಗಂಟಿಲ್ಲ. ಮಗ ಎದ್ದು ಕೂತ.

ಅಳತೆ ಹಿಡಿಯಲು ಅತ್ತೆ ಸೊಸೆ ಇಬ್ಬರೂ ಗುಡಿಗೆ ಬಂದರು. ನಾಲ್ಕೇ ಗೋಡೆಯ ಸಣ್ಣ ಕಲ್ಲಿನ ಗುಡಿ ಅದು. ಗೋಡೆಯ ಬುಡದಲ್ಲಿ ಹೂ ಹಾಸುವಷ್ಟು ಅಗಲದ ಕಲ್ಲಿನ ಅಂಚು. ಕೊಟ್ರಮ್ಮನವರು ಎತ್ತರದ ಆಳು. ತೋಳು ಚಾಚಿ ಮುಂದಿನ ಗೋಡೆ ಅಳೆದರು, ನಾಲ್ಕು ಮಾರು. ಪಕ್ಕದ್ದು ಅಳೆದರು, ಐದು. ಅಲ್ಲಿಗೇ ಕೈ ಇಳಿಸಿದರು.

“ಇನ್ನೆರಡು ಗ್ವಾಡಿ ಬಿಟ್ಟೀರಲ್ರೀ ಅತ್ತಿ,” ಎಂದಳು ಸೊಸೆ ಹಾಲವ್ವ.

“ಮುಂದ ಎಷ್ಟೋ ಹಿಂದ ಅಷ್ಟೇ, ಈ ಕಡಿ ಎಷ್ಟೋ ಆ ಕಡಿ ಅಷ್ಟೇ. ನಾಕು ಐದು ಒಂಬತ್ತು, ಎರಡು ಸಲ ಹಿಡಿ, ಹದಿನೆಂಟು ಮಾರು. ಕಲ್ಲಪ್ಪನ ಗುಡಿ ಏನ್ ನಿಮ್ಮಪ್ಪನ ದನದ ಕೊಟ್ಟಿಗೀನ, ಒಂದೊಂದು ಕಡಿ ಒಂದೊಂದು ಅಳತಿ ಇರಾಕ?”

ನಾವು ಶಾಲೆಯಲ್ಲಿ ಪೆರಿಮೀಟರ್ ಎಂದು ಕಲಿಯುವುದು ಇದನ್ನೇ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಅತ್ತೆಯ ಕಣ್ಣು ಮಂಜಾಗಿದ್ದರಿಂದ ಕಟ್ಟುವ ಕೆಲಸ ಹಾಲವ್ವನದಾಯಿತು. ಅವಳು ಒಂದೇ ದಾರದಲ್ಲಿ ಕಟ್ಟಿ, ಹದಿನೆಂಟು ಮಾರು ತಾನೇ ಅಳೆದು, ಒದ್ದೆ ಬಟ್ಟೆ ಮುಚ್ಚಿ ಬುಟ್ಟಿಯಲ್ಲಿಟ್ಟಳು. ತನ್ನ ತಲೆಗೆ ಒಂದು ಮೊಗ್ಗೂ ಮುಡಿಯಲಿಲ್ಲ.

ಸೋಮವಾರ ಬೆಳಿಗ್ಗೆ ಇಬ್ಬರೂ ಉಪವಾಸವಿದ್ದು ಬಂದರು. ಮುಂಬಾಗಿಲ ಗೋಡೆಯ ಮೂಲೆಯಿಂದ ಹಿಡಿದು, ಪ್ರದಕ್ಷಿಣೆ ಬರುವ ದಿಕ್ಕಿನಲ್ಲೇ ಮಾಲೆ ಹಾಸುತ್ತ ಹೋದರು. ಮೂರು ಗೋಡೆ ಆಯಿತು. ನಾಲ್ಕನೆಯ ಗೋಡೆ, ಅದು ಬಡಗಣದ್ದು, ಮುಗಿಯಲು ಇನ್ನೂ ಎರಡು ಮಾರು ಇರುವಾಗಲೇ ಬುಟ್ಟಿ ಖಾಲಿಯಾಯಿತು.

ಕೊಟ್ರಮ್ಮನವರ ಮುಖ ಬಿಳಿಚಿಕೊಂಡಿತು. ಇನ್ನೊಂದು ತುಂಡು ಸೇರಿಸಿದರೆ ಗಂಟು ಬೀಳುತ್ತದೆ, ಹರಕೆ ಮುರಿಯುತ್ತದೆ. ಸೇರಿಸದಿದ್ದರೆ ಸುತ್ತು ಕೂಡುವುದಿಲ್ಲ. ಹೇಗೆ ನೋಡಿದರೂ ಬಿಟ್ಟ ಜ್ವರ ಮಗನನ್ನು ಮತ್ತೆ ಹುಡುಕಿಕೊಂಡು ಬರುವ ದಾರಿಯೇ ಅವರಿಗೆ ಕಂಡಿತು.

“ಎರಡು ಮಾರು ಎಲ್ಲಿಗೆ ಹೋತು? ತವರಿಗೆ ಕಳಿಸಿದ್ಯೇನ?”

“ಇಲ್ರೀ ಅತ್ತಿ, ಹದಿನೆಂಟೂ ಎಣಿಸೇ ಕಟ್ಟೀನ್ರೀ.”

“ಎಣಿಸಿದ್ರ ಕಲ್ಲು ತಿಂತೇನ ಹೂವ? ನಿನ್ನ ಗಂಡನ ಜೀವದಾಗೂ ಕದಿಯೋದ?”

ಕೊಟ್ರಮ್ಮನವರು ಅವಳ ರಟ್ಟೆ ಹಿಡಿದು ತಾಯಿಯವರ ಕಟ್ಟೆಗೆ ಕರೆತಂದರು. “ಯವ್ವಾ, ಈಕಿ ಕೈಲಿ ದೀಪ ಮುಟ್ಟಿಸಿ ಆಣಿ ಮಾಡಿಸ್ರಿ. ಖರೇ ಹೇಳಲಿ.”

ತಾಯಿಯವರು ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟರು. ಎಲ್ಲವನ್ನೂ ಕೇಳಿದರು. ಆಣೆಯ ಮಾತೆತ್ತಲಿಲ್ಲ.

“ಗುಡಿ ಅಳೆದವರು ಯಾರು?”

“ನಾನೇ ರೀ.”

“ಹೂ ಅಳೆದವರು?”

“ಈಕಿ.”

“ಇಬ್ಬರೂ ಎದುರುಬದುರು ನಿಂತು ತೋಳು ಚಾಚಿರಿ.”

ಅತ್ತೆ ಸೊಸೆ ನಿಂತರು. ಕೊಟ್ರಮ್ಮನವರ ತೋಳು ಧ್ವಜಗಂಬದ ಅಡ್ಡಪಟ್ಟಿಯಂತೆ ಚಾಚಿಕೊಂಡಿತು. ಹಾಲವ್ವ ಹಿಮ್ಮಡಿ ಎತ್ತಿ ಎಳೆದರೂ ಅವಳ ಬೆರಳತುದಿ ಅತ್ತೆಯ ಬೆರಳುಗಳ ಬುಡದ ಹತ್ತಿರವೇ ನಿಂತುಬಿಟ್ಟಿತು, ಎರಡೂ ಕಡೆ.

“ಹುಡುಗಿ ಕದ್ದಿಲ್ಲವ್ವಾ,” ಎಂದರು ತಾಯಿಯವರು. “ನಿನ್ನ ಮಾರು ನಿನ್ನದು, ಅವಳ ಮಾರು ಅವಳದು.”

ಕೊಟ್ರಮ್ಮನವರು ಚಾಚಿದ ತೋಳನ್ನು ಇಳಿಸುವುದನ್ನೇ ಮರೆತರು. ಆಮೇಲೆ ಅಲ್ಲೇ ಕುಸಿದು ಕೂತು, “ಆತು, ಈಕಿ ತಪ್ಪಲ್ಲ. ತಪ್ಪು ನಂದ. ಹಂಗಾದ್ರ ನನ್ನ ಮಗನ ಗತಿ ಏನ್ರೀ ಯವ್ವಾ?” ಎಂದು ಅಳತೊಡಗಿದರು.

ತಾಯಿಯವರು ಎದ್ದು ಗುಡಿಯತ್ತ ನಡೆದರು. ಇಬ್ಬರೂ ಹಿಂದೆ ಹೋದರು. ಬಡಗಣ ಗೋಡೆಯ ನಡುವೆ ಅಭಿಷೇಕದ ನೀರು ಹೊರಬೀಳುವ ಕಲ್ಲಿನ ಬಾಯಿ ಇತ್ತು. ಅದೇ ಸೋಮಸೂತ್ರ. ಶಿವನ ಗುಡಿಯಲ್ಲಿ ಪ್ರದಕ್ಷಿಣೆ ಬರುವವರು ಅದನ್ನು ದಾಟುವಂತಿಲ್ಲ. ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ತಿರುಗಿ ಅದರ ಇನ್ನೊಂದು ಬದಿಗೆ ಬರಬೇಕು. ಮಾಲೆ ಆ ಬಾಯಿಯ ಮೇಲೇ ಹಾದುಹೋಗಿತ್ತು. ಬೆಳಗಿನ ನೀರಿನಲ್ಲಿ ಒಂದಷ್ಟು ಹೂ ತೊಯ್ದಿತ್ತು.

“ಹರಕೆಯಲ್ಲಿ ಏನಂದಿದ್ದೆ?”

“ನಿನ್ನ ಸುತ್ತಿಗೆ ಹೂ ಹಾಸತೀನಿ ಅಂದಿದ್ದೆ.”

“ಶಿವನ ಸುತ್ತು ಎಲ್ಲಿಯವರೆಗೆ?”

ಕೊಟ್ರಮ್ಮನವರು ತೊಯ್ದ ಹೂವಿನತ್ತ ನೋಡಿದರು. ಹುಟ್ಟಿದಾಗಿನಿಂದ ಆ ಗುಡಿಗೆ ಬಂದವರು. ಪ್ರತಿ ಸೋಮವಾರ ಇದೇ ಜಾಗದಲ್ಲಿ ತಿರುಗಿದವರು. ಹಾಲವ್ವನೇ ಮೆಲ್ಲಗೆ ಹೇಳಿದಳು, “ಸೋಮಸೂತ್ರದ ತನಕ ರೀ.”

ತಾಯಿಯವರು ಬಾಗಿ, ಮಾಲೆಯನ್ನು ಕಲ್ಲಿನ ಬಾಯಿಯಿಂದ ತಾವೇ ಎತ್ತಿದರು. ಮೂವರೂ ಸೇರಿ ಇಡೀ ಮಾಲೆಯನ್ನು ಹರಿಯದಂತೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸಿದರು. ಒಂದು ತುದಿ ಸೋಮಸೂತ್ರದ ಆಚೆಗೆ ನಿಂತಿತು, ಇನ್ನೊಂದು ಈಚೆಗೆ. ನಡುವೆ ಎರಡು ಮಾರು ಖಾಲಿ.

“ಇಷ್ಟು ಜಾಗ ಬಿಡಬಹುದೇನ್ರೀ ಯವ್ವಾ?” ಕೊಟ್ರಮ್ಮನವರಿಗೆ ಇನ್ನೂ ಅಳುಕು.

“ತಿರುಗುವವರು ಕಾಲಿಡುವುದು ಎಲ್ಲಿ, ನಿನ್ನ ಹೂವಿನ ಮೇಲೋ?”

ಹಾಲವ್ವನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು. ಅವಳನ್ನು ನೋಡಿ ಕೊಟ್ರಮ್ಮನವರೂ ನಕ್ಕರು. ನಗುತ್ತಲೇ ಅತ್ತರು, ತಾಯಿಯವರ ಪಾದಕ್ಕೆ ಹಣೆ ಹಚ್ಚಿದರು. ಎದ್ದವರೇ, “ನಡೀ ಮನಿಗೆ. ನಿನ್ನೆಯಿಂದ ಹನಿ ನೀರು ಕುಡದಿಲ್ಲ, ಮಾರಿ ನೋಡು ಹೆಂಗಾಗೇತಿ,” ಎಂದು ಸೊಸೆಯನ್ನು ಗದರಿದರು. ಖಾಲಿ ಬುಟ್ಟಿಯನ್ನು ತಾವೇ ಸೊಂಟಕ್ಕಿಟ್ಟುಕೊಂಡರು.

ಜ್ವರ ಬಿಟ್ಟಾಗಿನಿಂದ ಕೊಟ್ರಮ್ಮನವರು ಮಗನ ಹಣೆ ಮುಟ್ಟಿ ನೋಡದೆ ಒಂದು ದಿನವೂ ಮಲಗಿದವರಲ್ಲ. ಒಮ್ಮೆ ನೋಡಿದರೆ ಸಾಲದು, ನಡುರಾತ್ರಿಯೂ ಎದ್ದು ಹೋಗಿ ಮುಟ್ಟುತ್ತಿದ್ದರು. ಆ ಸೋಮವಾರ ಹಾಸಿಗೆಗೆ ತಲೆಯಿಟ್ಟವರಿಗೆ ಬೆಳಗಾದದ್ದೇ ತಿಳಿಯಲಿಲ್ಲ. ಗುರುಬಸಪ್ಪ ಹಿತ್ತಲಲ್ಲಿ ಬೇವಿನಕಡ್ಡಿ ಅಗಿಯುತ್ತ ನಿಂತಿದ್ದ. ರಾತ್ರಿ ಮುಟ್ಟಿ ನೋಡಲಿಲ್ಲವೆಂಬುದು ಅವರಿಗೆ ಆಗ ನೆನಪಾಯಿತಂತೆ. ನೆನಪಾದ ಮೇಲೂ ಅವರು ಎದ್ದು ಹೋಗಲಿಲ್ಲ.