ಬಾಯಿ ಹೊಲಿಯದ ಹೊದಿಕೆ

ಭೂಮಿ ಇನ್ನೂ ಹೊಸದಾಗಿದ್ದಾಗ ಸೂಜಿ ಇರಲಿಲ್ಲ, ದಾರ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ಚಳಿ ಮಾತ್ರ ಇತ್ತು.

ಆಗ ಒಂದು ಗುಡ್ಡದ ಬುಡದಲ್ಲಿ ತಂಗೆವ್ವ ಎಂಬ ಹುಡುಗಿ ತನ್ನ ಅಜ್ಜಿಯ ಜೊತೆ ಇದ್ದಳು. ಅಜ್ಜಿಗೆ ನಡುಕದ ಜ್ವರ ಬಂತು. ತಂಗೆವ್ವ ಅವಳಿಗೆ ಮುತ್ತುಗದ ಎಲೆಗಳನ್ನು ಹೊದಿಸಿದಳು. ಗಾಳಿ ಬಂದು ಒಂದೊಂದೇ ಎಲೆಯನ್ನು ಎತ್ತಿಕೊಂಡು ಹೋಯಿತು.

"ಗಾಳಿಯಪ್ಪ, ಸ್ವಲ್ಪ ನಿಲ್ಲು," ಎಂದಳು ತಂಗೆವ್ವ.

"ನಿಂತರೆ ನಾನು ಗಾಳಿಯೇ ಅಲ್ಲ, ಮಗಳೇ," ಎಂದಿತು ಗಾಳಿ.

ಅಂಗಳದ ಗಿಡದಲ್ಲಿ ಒಂದು ಪುಟ್ಟ ಹಸಿರು ಹಕ್ಕಿ ಬಾಲ ನಿಮಿರಿಸಿಕೊಂಡು ಕೂತಿತ್ತು. "ಬರಿಯ ಕೊಂಬೆಯ ಮೇಲಿಟ್ಟ ನನ್ನ ಮೊಟ್ಟೆಗಳನ್ನು ಬೀಳಿಸಿದಾಗಲೂ ಹೀಗೇ ಹೇಳಿತು," ಎಂದಿತು ಅದು.

ಒಂದು ದಿನ ತಂಗೆವ್ವ ಮನೆಯೊಳಗೆ ಕೂತು ಎಲೆಗಳನ್ನು ಜೋಡಿಸುತ್ತಿದ್ದಾಗ ಒಂದು ಜಾಲಿಮುಳ್ಳು ಎರಡು ಎಲೆಗಳನ್ನು ಚುಚ್ಚಿತು. ಮುಳ್ಳಿಗೆ ಕತ್ತಾಳೆಯ ನಾರು ಸಿಕ್ಕಿಕೊಂಡಿತ್ತು. ಮುಳ್ಳನ್ನು ಎಳೆದರೆ ನಾರೂ ಹಿಂದೆಯೇ ಬಂತು. ಎರಡು ಎಲೆ ಒಂದಾದವು. ಗಾಳಿ ಬಂದು ಎಳೆದು ನೋಡಿತು. ಅವು ಬಿಡಲಿಲ್ಲ.

"ಅಜ್ಜಿ, ನೋಡಿಲ್ಲಿ."

ಅಜ್ಜಿ ನಡುಗುತ್ತಲೇ ಎಲೆಯನ್ನು ಬೆಳಕಿಗೆ ಹಿಡಿದಳು. "ಕೋಳಿ ಕೆದರಿದ ಹಾಗಿದೆ. ಬಿಚ್ಚು, ಮತ್ತೆ ಹೊಲಿ."

"ನಿನಗೆ ಚಳಿ ಆಗ್ತಿದೆಯಲ್ಲ ಅಜ್ಜಿ."

"ಚಳಿ ನನ್ನದು. ಹೊಲಿಗೆ ನಿನ್ನದು. ಬಿಚ್ಚು."

ತಂಗೆವ್ವ ಬಿಚ್ಚಿದಳು, ಹೊಲಿದಳು. ಮತ್ತೆ ಬಿಚ್ಚಿದಳು, ಮತ್ತೆ ಹೊಲಿದಳು. ಎಲೆಗೆ ಎಲೆ ಸೇರಿ ಎರಡು ಪದರದ ಹೊದಿಕೆಯಾಯಿತು, ಕೊನೆಗೆ ಅದರ ಮೂರು ಅಂಚು ನೆಟ್ಟಗೆ ನಿಂತವು. ಬೂರುಗದ ಮರ ಅರಳೆ ಕೊಟ್ಟಿತು. ಅದನ್ನು ಒಳಗೆ ತುಂಬಿದಳು. ಇನ್ನು ಮೇಲಿನ ಬಾಯಿ ಹೊಲಿಯುವುದೊಂದೇ ಉಳಿದಿತ್ತು.

"ತಡಿ," ಎಂದಳು ಅಜ್ಜಿ. "ಹೊಸ ಮಡಕೆಯನ್ನು ಬರಿದಾಗಿ ಒಲೆಗೆ ಏರಿಸ್ತೀವಾ? ಮೊದಲು ಒಂದು ಹಿಡಿ ಕಾಳು ಹಾಕ್ತೀವಿ. ಹೊದಿಕೆಯೂ ಹಾಗೇ. ಹಸಿದ ಹೊದಿಕೆ ಮೈಗೆ ಬೆಚ್ಚಗಿರಲ್ಲ. ಹೊದೆಯುವವರೇ ಅದರ ಹೊಟ್ಟೆಗೆ ಒಂದು ತುತ್ತು ಹಾಕಬೇಕು. ಆಮೇಲೆ ಬಾಯಿ ಹೊಲಿ."

ತಂಗೆವ್ವ ರೊಟ್ಟಿಯ ತುಣುಕು ತಂದಳು. ಅಜ್ಜಿಯ ಕೈ ಮೇಲೇಳಲಿಲ್ಲ.

"ನಾನು ಕೈ ಹಿಡಿದು ಹಾಕಿಸಲಾ?"

"ಬೇಡ. ನಾಳೆ ನಾನೇ ಹಾಕ್ತೀನಿ."

"ಅಲ್ಲಿವರೆಗೆ ಹೀಗೇ ಹೊದಿಸಲಾ?"

"ಅರ್ಧ ಕೆಲಸವನ್ನು ನನ್ನ ಮೈಮೇಲೆ ಹಾಕಬೇಡ, ತಂಗೆವ್ವ."

ತಂಗೆವ್ವ ಹೇಳಿದ ಮಾತು ಕೇಳುವ ಹುಡುಗಿ. ಹೊದಿಕೆಯನ್ನು ಮಡಿಸಿ ಅಜ್ಜಿಯ ತಲೆಯ ಬಳಿ ಇಟ್ಟಳು. ಬೆಳಗಾದಾಗ ಅಜ್ಜಿ ನಡುಗುತ್ತಿರಲಿಲ್ಲ. ಕೈ ಮುಟ್ಟಿದರೆ ತಣ್ಣಗಿತ್ತು. ರೊಟ್ಟಿಯ ತುಣುಕು ಪಕ್ಕದಲ್ಲೇ ಇತ್ತು.

ಎಷ್ಟೋ ದಿನ ತಂಗೆವ್ವ ಆ ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಹಸಿರು ಹಕ್ಕಿ ಹತ್ತಿರ ಬಂತು.

"ಅದರ ಬಾಯಿ ಹೊಲಿಯೋದಿಲ್ವಾ?"

"ತುತ್ತು ಹಾಕುವವರು ಇಲ್ಲ."

"ಹಾಗಾದರೆ ನಾನು ಹಾಕಲಾ? ನನ್ನ ಹತ್ತಿರ ಮೊಟ್ಟೆ ಬಿಟ್ಟರೆ ಬೇರೇನೂ ಇಲ್ಲ."

ತಂಗೆವ್ವ ಹೊದಿಕೆಯನ್ನು ಒಮ್ಮೆ ಕೈಯಿಂದ ಸವರಿದಳು. ಆಮೇಲೆ ಎದ್ದು ಹೊದಿಕೆಯನ್ನು ಗಿಡಕ್ಕೆ ಕಟ್ಟಿದಳು. ಹಕ್ಕಿ ಅದರೊಳಗೆ ಮೊಟ್ಟೆ ಇಟ್ಟಿತು. ಗಾಳಿ ಬಂತು, ಗಿಡವನ್ನು ಅಲ್ಲಾಡಿಸಿತು. ಮೊಟ್ಟೆ ಬೀಳಲಿಲ್ಲ.

ಹೊದಿಕೆಯ ಎಲೆಗಳು ಒಣಗಿ ಉದುರಿದ ಮೇಲೆ ಹಕ್ಕಿ ತಾನೇ ಕೊಕ್ಕಿನಿಂದ ಎಲೆ ಚುಚ್ಚಿ ನಾರು ಎಳೆಯಲು ಕಲಿಯಿತು. ತಂಗೆವ್ವ ಆ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಕೋಳಿ ಕೆದರಿದ ಹಾಗಿದೆ," ಎಂದಳು.

"ಬಿಚ್ಚಲಾ?" ಎಂದಿತು ಹಕ್ಕಿ.

ತಂಗೆವ್ವ ಎಲೆಯಿಂದ ಕೈ ತೆಗೆದಳು. "ಬೇಡ. ಬಿಚ್ಚಬೇಡ. ಚಳಿ ಬರುತ್ತಿದೆ. ಹಾಗೇ ಇರಲಿ."

ಅದಕ್ಕೇ ಮಗು, ನಮ್ಮ ಹಿತ್ತಿಲಿನ ಗಿಡದಲ್ಲಿ ಆ ಹಸಿರು ಸಿಂಪಿಗ ಹಕ್ಕಿ ಇವತ್ತಿಗೂ ಎಲೆಯ ಅಂಚುಗಳನ್ನು ಸೊಟ್ಟಸೊಟ್ಟಗೆ ಹೊಲಿದು, ಒಳಗೆ ಅರಳೆ ಹಾಸಿ, ಮೇಲಿನ ಬಾಯಿಯನ್ನು ಮಾತ್ರ ಹೊಲಿಯದೆ ಬಿಡುತ್ತದೆ.