ಪುಟ್ಟ ಮೀನಿನ ದೃಷ್ಟಿಬೊಟ್ಟು

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಹೊಳೆಗೆ ಇನ್ನೂ ದಾರಿ ರೂಢಿಯಾಗಿರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ "ಇವತ್ತು ಯಾವ ಕಡೆ ಹೋಗಲಿ?" ಎಂದು ಗಾಳಿಯನ್ನು ಕೇಳುತ್ತಿತ್ತು. ಗಾಳಿಗೂ ಗೊತ್ತಿರಲಿಲ್ಲ. ಆದರೂ ಎಲ್ಲ ತಿಳಿದವರ ಹಾಗೆ ಏನೋ ಒಂದು ಹೇಳಿ ಕಳಿಸುತ್ತಿತ್ತು.

ಆಗ ಹೊಳೆಯ ಪುಟ್ಟ ಮೀನುಗಳೆಂದರೆ ತಲೆಯಿಂದ ಬಾಲದವರೆಗೂ ಬರೀ ಬೆಳ್ಳಿ. ಒಂದು ಕಲೆ ಇಲ್ಲ, ಒಂದು ಚುಕ್ಕೆ ಇಲ್ಲ. ಚೆಂದವೇನೋ ಚೆಂದವೇ. ಆದರೆ ಅಷ್ಟು ಚೆಂದ ಇದ್ದರೆ ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ಮಿಂಚುಳ್ಳಿಯ ಕಣ್ಣೂ ಅವುಗಳ ಮೇಲೆ, ಕೊಕ್ಕರೆಯ ಕಣ್ಣೂ ಅವುಗಳ ಮೇಲೆ. ಮಡುವಿನ ತಳದಲ್ಲಿ ಮಲಗಿದ್ದ ದೊಡ್ಡ ಬಾಳೆಮೀನಿನ ಕಣ್ಣಂತೂ ಮೂರು ಹೊತ್ತೂ ಅವುಗಳ ಮೇಲೆಯೇ. ಅದರ ಬಾಯಿಯೋ, ಈ ಕಿವಿಯಿಂದ ಆ ಕಿವಿಯವರೆಗೆ! ಮೀನಿಗೆ ಕಿವಿ ಎಲ್ಲಿದೆ ಎಂದು ಕೇಳಬೇಡ, ಕತೆ ಮುಂದೆ ಹೋಗಬೇಕು.

ಆ ಹೊಳೆಯ ದಡದಲ್ಲಿ ಚಿಕ್ಕತಾಯಿ ಎಂಬ ಹೆಂಗಸು ಇದ್ದಳು. ಅವಳ ಗಂಡ ಮರಿಮಾದ ಗಾಳ ಹಾಕುವವನು. ಅವನಿಗೆ ಬೇಕಾಗಿದ್ದುದು ಆ ಬಾಳೆಮೀನು. ಆದರೆ ಬಾಳೆಮೀನಿಗೆ ಸತ್ತದ್ದು ಸೇರುತ್ತಿರಲಿಲ್ಲ. ಗಾಳದ ತುದಿಯಲ್ಲಿ ಪುಟ್ಟ ಮೀನೊಂದು ಜೀವಂತ ಒದ್ದಾಡುತ್ತಿದ್ದರೆ ಮಾತ್ರ ಬಂದು ಬಾಯಿ ಹಾಕುತ್ತಿತ್ತು. ಆ ಪುಟ್ಟ ಮೀನನ್ನು ಹಿಡಿದುಕೊಡುವುದು ಚಿಕ್ಕತಾಯಿಯ ಕೆಲಸ.

ಅವಳು ಹಳೆಯ ಸೀರೆಯ ತುಂಡೊಂದನ್ನು ನೀರಿನೊಳಗೆ ಹರಡಿ ಹಿಡಿಯುತ್ತಿದ್ದಳು. ನಡುವೆ ಒಂದು ಚೂರು ರಾಗಿಮುದ್ದೆ ಹಾಕುತ್ತಿದ್ದಳು. ಆಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಮುದ್ದೆಯ ಆಸೆಗೆ ಮೀನು ಬಂತೋ, ಸರ್ರನೆ ಬಟ್ಟೆ ಮೇಲೆತ್ತಿ, ನೀರು ತುಂಬಿದ ಮಡಕೆಗೆ ಬಿಡುತ್ತಿದ್ದಳು.

ಆ ದಿನ ಅವಳ ಮಗು ದಡದ ಅತ್ತಿಮರದ ಜೋಲಿಯಲ್ಲಿ ಮಲಗಿತ್ತು. ಹೊತ್ತು ನೆತ್ತಿಗೇರಿದರೂ ಬಟ್ಟೆಗೆ ಬಂದಿದ್ದು ಒಂದೇ ಒಂದು ಮರಿಮೀನು.

"ಏನಮ್ಮೀ, ಸಿಕ್ತಾ?" ಎಂದು ದೂರದ ಬಂಡೆಯ ಮೇಲಿನಿಂದ ಮರಿಮಾದ ಕೂಗಿದ.

"ಸಿಕ್ತು, ತತ್ತೀನಿ ಇರಿ!"

ತೆಳು ನೀರಿನಲ್ಲಿ ಇಟ್ಟಿದ್ದ ಮಡಕೆ ಎತ್ತಲು ಬಗ್ಗಿದಾಗ ಅವಳ ಹಿಮ್ಮಡಿಗೆ ಯಾರೋ ಕುಟುಕಿದಂತಾಯಿತು. ನೋಡಿದರೆ ಒಂದು ತಾಯಿಮೀನು.

"ಅಕ್ಕಾ, ಮಡಕೆಯಲ್ಲಿರೋದು ನನ್ನ ಮಗು."

"ಆಗಿದ್ರೆ ಏನ್ ಮಾಡನವ್ವಾ?" ಎಂದಳು ಚಿಕ್ಕತಾಯಿ. "ನಂಗೂ ಒಂದು ಮಗ ಅದೆ. ನಾನು ಮೊನ್ನೆಯಿಂದ ಬರೀ ಉಪ್ಪು ಮುದ್ದೆ ಉಣ್ತಾ ಇವ್ನಿ. ನಾನು ನೆಟ್ಟಗೆ ಉಂಡ್ರೆ ತಾನೆ ಅದ್ಕೆ ಹಾಲು?"

ಚಿಕ್ಕತಾಯಿ ಹೇಳಿದ್ದು ನಿಜವೇ ಆಗಿತ್ತು. ತಾಯಿಮೀನು ಮಡಕೆಯ ಸುತ್ತ ಈಜತೊಡಗಿತು. ಒಳಗೆ ಮರಿ ಸುತ್ತುತ್ತಿತ್ತು, ಹೊರಗೆ ತಾಯಿ ಸುತ್ತುತ್ತಿತ್ತು. ನಡುವೆ ಇದ್ದುದು ಬೆರಳು ದಪ್ಪದ ಮಣ್ಣು.

ನೋಡುತ್ತಾ ನೋಡುತ್ತಾ ಚಿಕ್ಕತಾಯಿ ಮಡಕೆಯ ಪಕ್ಕ ಕುಕ್ಕರಿಸಿ ಕೂತಳು. "ಅಯ್ಯೋ, ಹಾಳಾಗ್ಲಿ. ಕರ್ಕೊಂಡೋಗವ್ವಾ, ನಾನು ಇವತ್ತೂ ಉಪ್ಪು ಮುದ್ದೆನೇ ಉಣ್ತೀನಿ" ಎಂದು ಮಡಕೆಗೆ ಕೈ ಹಾಕಿ ಮರಿಯನ್ನು ಅಂಗೈ ತುಂಬ ನೀರಿನೊಂದಿಗೆ ಎತ್ತಿದಳು.

ತಾಯಿಮೀನು ಹಿಗ್ಗಲಿಲ್ಲ. "ನೀನು ಬಿಟ್ಟೆ ಅಕ್ಕಾ, ಬಾಳೆಮೀನಿನ ಕಣ್ಣು ಬಿಡಬೇಕಲ್ಲ. ಬೆಳಗ್ಗೆ ನೀನು ಎತ್ತಿಕೊಂಡು ಬಂದ ಮಗುವಿನ ಕೆನ್ನೆ ಮೇಲೆ ಕರ್ರಗೆ ಇತ್ತಲ್ಲ, ಅದೇನು?"

"ಅದಾ? ದೃಷ್ಟಿಬೊಟ್ಟು. ಮಗೀಗೆ ಯಾರ ಕಣ್ಣೂ ಬೀಳ್ದೆ ಇರ್ಲಿ ಅಂತ."

"ಹಾಗಾದರೆ ನನ್ನ ಮಗುವಿಗೂ ಒಂದು ಇಡಕ್ಕಾ."

ಚಿಕ್ಕತಾಯಿ ದಡದ ಜೋಲಿಯ ಕಡೆ ನೋಡಿದಳು. ಕಾಡಿಗೆ ಮನೆಯಲ್ಲಿತ್ತು. ಇಲ್ಲಿದ್ದುದು ಮಗುವಿನ ಕೆನ್ನೆಯ ಮೇಲೆ ಇದ್ದಷ್ಟೇ. ಅದನ್ನು ತೆಗೆದರೆ ತನ್ನ ಮಗು ಮನೆ ಸೇರುವವರೆಗೂ ಬರಿಗೆನ್ನೆಯಲ್ಲಿ ಇರಬೇಕು. ಯಾರ ಕಣ್ಣು ಹೇಗಿರುತ್ತದೋ ಏನೋ! ಅವಳಿಗೆ ನಿಜವಾಗಿ ಭಯವಾಯಿತು.

ಆದರೂ ದಡಕ್ಕೆ ಹೋದಳು. ಜೋಲಿಗೆ ಬಗ್ಗಿ, ಬೆರಳಿನಿಂದ ಮೆಲ್ಲಗೆ ಆ ಬೊಟ್ಟನ್ನು ಒರೆಸಿ ತೆಗೆದಳು.

ಮತ್ತೆ ನೀರಿಗಿಳಿದು ನಿಂತಳು, ಎಡಗೈಯಲ್ಲಿ ಮರಿಮೀನು, ಬಲಗೈ ಬೆರಳಲ್ಲಿ ಕಾಡಿಗೆ. ಇನ್ನೇನು ಕೆನ್ನೆಗೆ ಇಡಬೇಕು, ಮರಿ ನೆಟ್ಟಗೆ ನಿಲ್ಲಬೇಕಲ್ಲ! ಕಾಡಿಗೆ ಡಬ್ಬಿ ಕಂಡರೆ ನೀನು ಹೇಗೆ ಕುಣಿಯುತ್ತೀಯೋ ಹಾಗೇ ಕುಣಿಯಿತು. ಬೊಟ್ಟು ಹೋಗಿ ಬಾಲದ ಬುಡಕ್ಕೆ ಹತ್ತಿತು. ಮರಿ ಪುಳಕ್ಕನೆ ನೀರಿಗೆ ಹಾರಿತು.

"ಕೆನ್ನೆಗಿಡು ಅಂದರೆ ಬಾಲಕ್ಕೆ ಇಟ್ಟೆಯಲ್ಲಕ್ಕಾ!" ಎಂದು ತಾಯಿಮೀನು ರೇಗಿತು.

"ನಿನ್ ಮಗ ಒಂದು ಗಳಿಗೆ ಸುಮ್ಕಿದ್ರೆ ತಾನೆ?" ಎಂದು ಚಿಕ್ಕತಾಯಿಯೂ ರೇಗಿದಳು. "ಹರಳೆಣ್ಣೆ ಕಾಡಿಗೆ ಅದು, ಇನ್ನು ತೊಳದ್ರೂ ಹೋಗಕಿಲ್ಲ!"

ಇಬ್ಬರು ತಾಯಂದಿರು ಹೀಗೆ ಜಗಳಕ್ಕೆ ನಿಂತಿದ್ದಾಗ ಮರಿ ಆಡುತ್ತಾ ಆಡುತ್ತಾ ಮಡುವಿನ ಕಡೆ ಹೋಗಿಬಿಟ್ಟಿತು. ಬಾಳೆಮೀನು ಅದನ್ನೇ ಕಾಯುತ್ತಿತ್ತು.

ಬಾಳೆಮೀನಿನ ಲೆಕ್ಕ ಹೀಗೆ: ಕಣ್ಣಿರುವ ಕಡೆ ತಲೆ, ತಲೆ ಇರುವ ಕಡೆಗೇ ಓಟ, ಆದ್ದರಿಂದ ಕಣ್ಣಿನ ಮುಂದಕ್ಕೆ ಬಾಯಿ ಹಾಕಬೇಕು. ಅದಕ್ಕೆ ದೊಡ್ಡದಾಗಿ ಕರ್ರಗೆ ಕಂಡದ್ದು ಬಾಲದ ಬೊಟ್ಟು. "ಇದೇ ಕಣ್ಣು" ಎಂದುಕೊಂಡು ಇದ್ದಬದ್ದ ಬಲವೆಲ್ಲ ಹಾಕಿ ಅದರ ಮುಂದಕ್ಕೆ ನುಗ್ಗಿತು. ಮರಿ ಆ ಕಡೆಗೆ ಓಡಲೇ ಇಲ್ಲ. ಅದರ ತಲೆ ಇದ್ದುದು ಈ ಕಡೆ! ಚಂಗನೆ ತಪ್ಪಿಸಿಕೊಂಡಿತು.

ನುಗ್ಗಿದ ಬಾಳೆಮೀನು ನಿಲ್ಲಲಾಗದೆ ತೆಳು ನೀರಿಗೆ ಬಂದು, ಮರಳಿನಲ್ಲಿ ಸಿಕ್ಕಿಕೊಂಡು ಬಾಯಿ ಬಾಯಿ ಬಿಟ್ಟಿತು. ಚಿಕ್ಕತಾಯಿ ಸೀರೆ ತುಂಡನ್ನು ಅದರ ಮೇಲೆ ಎಸೆದು, ಆ ಸೀರೆಯ ಮೇಲೆ ಕೂತೇಬಿಟ್ಟಳು.

"ಬನ್ರೀ! ಬಿರ್‍ರನೆ ಬನ್ರೀ!" ಎಂದು ಅವಳು ಕೂಗಿದ್ದಕ್ಕೆ ಮರಿಮಾದ ಬಂಡೆಯಿಂದ ಓಡಿಬಂದ. ಆ ರಾತ್ರಿ ಅವರ ಮನೆಯಲ್ಲಿ ಮುದ್ದೆಗೆ ಮೀನಿನ ಸಾರು.

ಮನೆಗೆ ಹೋಗುವಾಗ ಚಿಕ್ಕತಾಯಿ ಮಗುವಿನ ಬರಿಗೆನ್ನೆಯನ್ನು ದಾರಿಯುದ್ದಕ್ಕೂ ಸೆರಗಿನಿಂದ ಮುಚ್ಚಿಕೊಂಡೇ ನಡೆದಳು. ಮಗುವಿಗೆ ಏನೂ ಆಗಲಿಲ್ಲ. ಮರಿಮೀನೂ ದೊಡ್ಡದಾಗಿ ಮರಿಗಳನ್ನು ಹಾಕಿತು. ಆ ಮರಿಗಳು ಬೊಟ್ಟು ಇಟ್ಟುಕೊಂಡೇ ಹುಟ್ಟಿದವು.

ನೀನು ಹೊಳೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಅಲುಗಾಡದೆ ನಿಂತರೆ ನಿನ್ನ ಕಾಲ ಸುತ್ತ ಪುಟ್ಟ ಬೆಳ್ಳಿ ಮೀನುಗಳು ಬರುತ್ತವೆ, ಬಗ್ಗಿ ನೋಡು. ಬಾಲದ ಬುಡದಲ್ಲಿ ಕಾಣುವ ಆ ಕರಿ ಚುಕ್ಕೆ, ಒಬ್ಬ ತಾಯಿ ತನ್ನ ಮಗುವಿನ ಕೆನ್ನೆಯಿಂದ ತೆಗೆದು ಇನ್ನೊಬ್ಬ ತಾಯಿಯ ಮಗುವಿಗೆ ಇಟ್ಟದ್ದು.