ಕಡವಿನಕೇರಿಯ ಓದುಗಲ್ಲು

ಕಡವಿನಕೇರಿಯಲ್ಲಿ ಹೊಳೆ ಸಮುದ್ರ ಸೇರುವಲ್ಲಿ, ದೋಣಿ ಎಳೆದು ನಿಲ್ಲಿಸುವ ಜಾಗದ ಪಕ್ಕಕ್ಕೆ, ಸೊಂಟದೆತ್ತರದ ಕರಿಬಂಡೆಯೊಂದಿದೆ. ಅದರ ನೆತ್ತಿ ಮಣೆಯಂತೆ ಸಪಾಟು. ಮೇಲೆ ಒಂದಕ್ಷರವೂ ಕೆತ್ತಿಲ್ಲ. ಆದರೂ ಊರವರು ಅದನ್ನು ಓದುಗಲ್ಲು ಎನ್ನುತ್ತಾರೆ.

ಹಿಂದೆ ಒಮ್ಮೆ, ಚೀನದ ಹಡಗುಗಳು ಮೆಣಸಿಗಾಗಿ ಈ ಕರಾವಳಿಗೆ ಬರುತ್ತಿದ್ದ ಕಾಲದಲ್ಲಿ, ಜ್ವರ ಹಿಡಿದ ಮುದುಕನೊಬ್ಬನನ್ನು ಇಲ್ಲಿ ಇಳಿಸಿ ಹಡಗು ಮುಂದೆ ಹೋಯಿತಂತೆ. ಅವನ ಹೆಸರು ಲಿನ್. ಮೀನು ಮಾರಿ ಬದುಕುತ್ತಿದ್ದ ಅಕ್ಕು ಎಂಬ ವಿಧವೆ ಅವನನ್ನು ತನ್ನ ಜಗಲಿಯಲ್ಲಿ ಮಲಗಿಸಿ ಗಂಜಿ ಕುಡಿಸಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಜ್ವರ ತುಸು ಇಳಿದ ದಿನ, ತಾನಿನ್ನು ಉಳಿಯುವುದಿಲ್ಲವೆಂದು ಅರಿತವನಂತೆ, ಲಿನ್ ಮಸಿ ಅರೆದು, ರೇಷ್ಮೆಯ ಪಟ್ಟಿಯನ್ನು ನೆಲಕ್ಕೆ ಹಾಸಿ, ಒಂದೇ ಉಸಿರಿಗೆ ಕುಂಚ ಓಡಿಸಿದ. ಅಕ್ಷರಕ್ಕೆ ಅಕ್ಷರ ಸುತ್ತಿಕೊಂಡು, ಬೀಸಿದ ಬಲೆ ಗಾಳಿಯಲ್ಲಿ ಬಿಚ್ಚಿಕೊಂಡಂತೆ ಕಂಡಿತು ಅಕ್ಕುವಿಗೆ. ಅಂಥ ಬರವಣಿಗೆಗೆ ಅವರ ನಾಡಿನಲ್ಲಿ ಹುಚ್ಚುಬರಹವೆಂದೇ ಹೆಸರು. ಬರೆಯುತ್ತಲೇ ಅವನು ಅತ್ತ. ಆಮೇಲೆ ಸುರುಳಿಯನ್ನು ಅವಳ ಕೈಗಿಟ್ಟು, ಸಮುದ್ರದ ಕಡೆ ತೋರಿಸಿ, ಜಡೆ ಹೆಣೆಯುವಂತೆ ಬೆರಳಾಡಿಸಿದ. ಮಗಳಿಗೆ ಎಂದು ಅವಳಿಗೆ ತಿಳಿಯಿತು. ಮೂರನೆಯ ದಿನ ತೀರಿಕೊಂಡ.

ಮುಂದಿನ ವರ್ಷ ಬೇರೊಂದು ಚೀನದ ಹಡಗು ಬಂದಾಗ ಅಕ್ಕು ಈ ಬಂಡೆಯ ಮೇಲೆ ಸುರುಳಿ ಬಿಚ್ಚಿಟ್ಟು ಕುಳಿತಳು. ಹಡಗಿನವರು ಬಗ್ಗಿ ನೋಡಿ, "ನಮ್ಮ ಲಿಪಿಯೇ ತಾಯಿ, ಆದರೆ ಈ ಹುಚ್ಚುಬರಹ ನಮಗೆ ಓದಲು ಬಾರದು" ಎಂದು ದುಭಾಷಿಯಿಂದ ಹೇಳಿಸಿದರು. ಯಾರಿಗೆ, ಯಾವ ಊರಿಗೆ ಎಂಬುದೂ ಅದೇ ಬರಹದಲ್ಲಿ ಇದ್ದುದರಿಂದ ಒಯ್ಯಲು ಯಾರೂ ಒಪ್ಪಲಿಲ್ಲ. ಹೀಗೇ ಒಂಬತ್ತು ವರ್ಷ ಕಳೆಯಿತು.

ಹತ್ತನೆಯ ವರ್ಷ ಲಿನ್‌ನ ಶಿಷ್ಯನೊಬ್ಬ ಗುರುವನ್ನು ಹುಡುಕಿಕೊಂಡು ಬಂದ. ಸುರುಳಿ ಕಂಡವನೇ ಮಂಡಿಯೂರಿ, ಗೆರೆಯ ಜಾಡಿನಲ್ಲಿ ಬೆರಳಿಟ್ಟು ಓದಿದ. ದುಭಾಷಿ ಕನ್ನಡದಲ್ಲಿ ಹೇಳಿದ: "ಮಗಳೇ, ನಿನ್ನ ಮನಸ್ಸಿಗೆ ಬಂದವನನ್ನು ಮದುವೆಯಾದೆ ಎಂದು ನಿನ್ನನ್ನು ಹೊರಗೆ ಹಾಕಿದೆ. ಈಗ ನನಗೆ ಸಿಟ್ಟಿಲ್ಲ. ಮನೆಗೆ ಹೋಗಿ ಇರು."

"ಹಾಗಾದರೆ ಬೇಗ ಕೊಂಡುಹೋಗು ಮಗಾ," ಎಂದಳು ಅಕ್ಕು.

ಶಿಷ್ಯ ತಲೆ ಎತ್ತಲಿಲ್ಲ. "ಹೋದ ಚಳಿಗಾಲದಲ್ಲಿ ಅವಳು ತೀರಿಹೋದಳು ತಾಯಿ. ಕೊನೆಯವರೆಗೂ ಅಪ್ಪ ಏನಾದರೂ ಹೇಳಿ ಕಳಿಸಿದನೇ ಎಂದು ಕೇಳುತ್ತಿದ್ದಳು."

ಅಕ್ಕು ಸುರುಳಿಯ ಅಂಚನ್ನು ನೇವರಿಸಿದಳು. "ಇಷ್ಟು ವರ್ಷ ನನ್ನ ಪೆಟ್ಟಿಗೆಯಲ್ಲೇ ಇತ್ತಲ್ಲ," ಎಂದಳು. ಆಮೇಲೆ, "ಇನ್ನೊಮ್ಮೆ ಓದು. ಗಟ್ಟಿಯಾಗಿ ಓದು," ಎಂದಳು. ಅವನು ಬಂಡೆ ಹತ್ತಿ, ಸಮುದ್ರಕ್ಕೆ ಮುಖಮಾಡಿ ಓದಿದ.

ಸುರುಳಿ ಅವನೊಂದಿಗೆ ಹೋಗಿ ಮಗಳ ಗೋರಿ ಸೇರಿತು ಎನ್ನುತ್ತಾರೆ. ಮುನಿದು ಮನೆ ಬಿಟ್ಟುಹೋದವರಿಗೆ ಕಾಗದ ಬರೆದವರು ಅದನ್ನು ಅಂಚೆಗೆ ಹಾಕುವ ಮುಂಚೆ ಈ ಕಲ್ಲಿನ ಮೇಲೆ ನಿಂತು ಗಟ್ಟಿಯಾಗಿ ಓದುವುದು ಇಂದಿಗೂ ಉಂಟು. ನೋಡಲು ಬಂದವರ ಕಣ್ಣಿಗೂ ಒಮ್ಮೊಮ್ಮೆ ಬೀಳುತ್ತದೆ. ಆ ಹೊತ್ತಿಗೆ ಮೀನುಗಾರರು ದೋಣಿ ಎಳೆಯುವುದನ್ನು ನಿಲ್ಲಿಸಿ, ಓದು ಮುಗಿಯುವವರೆಗೆ ಹಗ್ಗ ಹಿಡಿದು ಸುಮ್ಮನೆ ನಿಂತಿರುತ್ತಾರೆ.